ಖಾಲಿ ಗೂಡು ಮೂವತ್ತೇಳು

ಜನವರಿಯ ಆ ಭಾನುವಾರ ಸೋಂದಾದ ಮುಂಡಿಗೆಕೆರೆ ದಂಡೆಗೆ ಹಕ್ಕಿ ನೋಡಲು ಬಂದಿದ್ದ ಎಲ್ಲರಿಗೂ,

ನನ್ನ ಗುರುತು ನಿಮಗೆ ಸಿಗಲಿಕ್ಕಿಲ್ಲ. ಮಫ್ಲರ್ ಸುತ್ತಿಕೊಂಡು ಸಾಲಿನ ಕೊನೆಯಲ್ಲಿ ನಡೆಯುತ್ತಿದ್ದ ಮುದುಕ ನಾನು. ಬಾಯಲ್ಲಿ ಕವಳ ಇತ್ತು, ಹಾಗಾಗಿ ಮಾತು ಕಮ್ಮಿ. ಅವತ್ತು ಆಡಬೇಕಿದ್ದ ಮಾತನ್ನು ಈಗ ಬರೆಯುತ್ತಿದ್ದೇನೆ. ನಮ್ಮದು ದೊಡ್ಮನೆ ಕಡೆ, ಸಿದ್ದಾಪುರ ತಾಲೂಕು. ತಂಗಿಯನ್ನು ಸೋಂದಾ ಸೀಮೆಗೆ ಕೊಟ್ಟಿದ್ದರಿಂದ ಆ ಕೆರೆಯ ಪರಿಚಯ ನಲವತ್ತು ವರ್ಷದ್ದು. ನಿಮ್ಮ ತಂಡದವರೊಬ್ಬರು ತಂಗಿಯ ಮಗನಿಗೆ ಸ್ನೇಹಿತರು. "ಮಾವ, ನೀನೂ ಬಾ, ಹಕ್ಕಿ ಹೆಸರು ಹೇಳು" ಎಂದು ಅವನು ಕರೆದ, ಬಂದೆ.

ನೀವು ಮೂರು ಗಾಡಿಯಲ್ಲಿ ಬಂದಿರಿ. ಏಳಕ್ಕೆ ದಂಡೆಯ ಮೇಲೆ ನಿಂತಿರಿ. ಇಬ್ಬನಿ ಇನ್ನೂ ಎದ್ದಿರಲಿಲ್ಲ, ನೀರಿನ ಮೇಲೆ ಹೊಗೆಯ ಹಾಗೆ ಕೂತಿತ್ತು. ಎಂಟೂವರೆ ಹೊತ್ತಿಗೆ ಯಾರೋ ಅಂದರು: "ಬೋರ್ಡು ನೋಡಿದರೆ ಪಕ್ಷಿಧಾಮ, ಪಕ್ಷಿ ಎಲ್ಲಿ ಸ್ವಾಮೀ?" ಎಲ್ಲರೂ ನಕ್ಕರು, ನಾನೂ ನಕ್ಕೆ. ಒಂಬತ್ತೂವರೆಗೆ ಗಾಡಿ ತಿರುಗಿತು. ವಾದಿರಾಜ ಮಠಕ್ಕೆ ಹೋಗಿ, ಅಲ್ಲಿಂದ ಸಹಸ್ರಲಿಂಗಕ್ಕೆ ಇಳಿದು, ಶಾಲ್ಮಲಾ ಹೊಳೆಯ ಬಂಡೆಗಳ ಮೇಲೆ ಫೋಟೋ ತೆಗೆಸಿಕೊಂಡಿರಂತೆ. ಒಳ್ಳೆಯದೇ ಆಯಿತು.

ನೀವು ಹೋದ ಮೇಲೆ ದಂಡೆಯ ಹುಲ್ಲಿನಲ್ಲಿ ಒಂದು ಪುಸ್ತಕ ಸಿಕ್ಕಿತು. ನೀಲಿ ರಟ್ಟಿನ ಎರಡು ಗೆರೆಯ ಕಾಪಿ ಪುಸ್ತಕ. ಇಬ್ಬನಿಗೆ ನೆನೆದು ಹಾಳೆ ಒಂದಕ್ಕೊಂದು ಅಂಟಿಕೊಂಡಿತ್ತು. ಮೂರನೇ ಪುಟದಲ್ಲಿ ಪೆನ್ಸಿಲ್ಲಿನಲ್ಲಿ ಹೀಗಿತ್ತು: "ಗುಳುಮುಳುಕ 2. (1 ಮುಳುಗಿತು. ಮತ್ತೆ 2.) ಮಿಂಚುಳ್ಳಿ 1, ಅಜ್ಜ ಹೇಳಿದ್ದು. ಕೊಳದ ಬಕ 3. ದೇವನಕ್ಕಿ 2, ಎಲೆ ಮೇಲೆ ನಡೆಯುತ್ತೆ. ಗೂಡು 37. ಎಲ್ಲಾ ಖಾಲಿ." ಅದರ ಕೆಳಗೆ ದೊಡ್ಡದಾಗಿ, "ಯಾಕೆ?"

ಮೂವತ್ತು ಜನರ ಕಣ್ಣಿಗೆ ಹಕ್ಕಿ ಬೀಳಲಿಲ್ಲ. ಒಂದು ಮಗು ಮಾತ್ರ ಹಕ್ಕಿ ಇಲ್ಲದ ಗೂಡು ಎಣಿಸಿತು. ಈ ಕಾಗದ ನಿಮಗೆಲ್ಲರಿಗೂ ಹೌದು, ಆದರೆ ಉತ್ತರ ಕೊಡಬೇಕಾದದ್ದು ಆ "ಯಾಕೆ"ಗೆ.

ಗೂಡು ಖಾಲಿ ಇದ್ದದ್ದು ನೀವು ಹಬ್ಬ ಮುಗಿದ ಮೇಲೆ ಬಂದದ್ದರಿಂದ. ನಮ್ಮ ಕೆರೆಯ ಹಬ್ಬ ಮಳೆಗಾಲದಲ್ಲಿ. ಮೇ ಕೊನೆಯ ಹೊತ್ತಿಗೆ ಬೆಳ್ಳಕ್ಕಿಗಳು ಬರುತ್ತವೆ. ಬಂದ ಕೂಡಲೇ ಇಳಿಯುವುದಿಲ್ಲ. ಕೆಲವು ದಿನ ಮೇಲೆಯೇ ಸುತ್ತು ಹೊಡೆದು, ಜಾಗ ನೋಡಿಕೊಂಡು ಹೋಗುತ್ತವೆ, ಹೆಣ್ಣು ನೋಡಲು ಬಂದ ಬೀಗರು ಅಂಗಳದಲ್ಲೇ ನಿಂತು ಮನೆಯ ಮಾಡು ನೋಡುವ ಹಾಗೆ. ಆಮೇಲೆ ಒಂದು ಸಂಜೆ ಇಳಿದವೆಂದರೆ ಮಳೆ ಹತ್ತಿರ ಬಂತು ಎಂದು ಊರಿನ ಲೆಕ್ಕ. ಪೇಪರಿನವರೂ ವರ್ಷ ವರ್ಷ ಅದನ್ನು ಬರೆಯುತ್ತಾರೆ. ಆ ದಿನ ತಂಗಿಯ ಫೋನು ತಪ್ಪದು: "ಅಣ್ಣ, ಹಕ್ಕಿ ಬಂಜು. ದರಕು, ಸೌದೆ ಎಲ್ಲ ಒಳಗೆ ಹಾಕ್ಯ." ಭಾವನಿಗೆ ಇದರ ಮೇಲೆ ಪೂರ್ಣ ನಂಬಿಕೆ. ನನಗೆ ಅರ್ಧ. ಹಕ್ಕಿಗೆ ಮಳೆಯ ತಾರೀಖು ಗೊತ್ತಿದೆ ಎನ್ನುವುದಕ್ಕಿಂತ, ಅದಕ್ಕೆ ಮಕ್ಕಳ ಹೊಟ್ಟೆಯ ಲೆಕ್ಕ ಗೊತ್ತಿದೆ ಎನ್ನಬಹುದು. ಮೊಟ್ಟೆ ಇಟ್ಟು ಕಾವು ಕೂತರೆ ಮರಿ ಹೊರಬರಲು ಮೂರು ವಾರದ ಮೇಲೆ ಬೇಕು. ಹೊರಬಂದ ಮರಿ ಚೆನ್ನಾಗಿ ಹಾರಲು ಮತ್ತೆ ಆರು ವಾರದ ಹತ್ತಿರ. ಜೂನ್ ಮೊದಲಿಗೆ ಇಳಿದರೆ ಮರಿ ಬಾಯಿ ತೆರೆಯುವ ಹೊತ್ತಿಗೆ ಸುತ್ತಲಿನ ಗದ್ದೆಯಲ್ಲಿ ಹೂಟಿ ಆಗಿ ನೆಟ್ಟಿ ಹತ್ತಿರ ಬಂದಿರುತ್ತದೆ. ಕೆಸರಿನ ತುಂಬ ಕಪ್ಪೆ, ಗೊದಮೊಟ್ಟೆ, ಮರಿಮೀನು, ನೀರುಹುಳ. ಟಿಲ್ಲರಿನ ಹಿಂದೆ ಸಾಲಾಗಿ ನಡೆಯುವ ಬೆಳ್ಳಕ್ಕಿಗಳನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ದೀಪಾವಳಿ ಆಚೀಚೆ ಮರಿಗಳೂ ಹಾರಿಹೋಗಿ ಗೂಡು ಖಾಲಿಯಾಗುತ್ತದೆ.

ಇನ್ನು ಆ ಗೂಡು ಇರುವ ಗಿಡ. ನಿಮ್ಮಲ್ಲಿ ಒಬ್ಬರು ಅದನ್ನು "ಪೊದೆ, ಕ್ಲೀನ್ ಮಾಡಿಸಿದರೆ ಚೆನ್ನಾಗಿ ಕಾಣುತ್ತೆ" ಎಂದರು. ಅದೇ ಮುಂಡಿಗೆ. ಕೆರೆಗೆ ಹೆಸರು ಬಂದದ್ದೇ ಅದರಿಂದ. ಕೇದಿಗೆಯ ದಾಯಾದಿ. ಘಟ್ಟದ ಕೆಳಗಿನವರು ಇದೇ ಜಾತಿಯ ಎಲೆಯ ಮುಳ್ಳು ತೆಗೆದು, ಬಾಡಿಸಿ, ಸುತ್ತಿ ಮೂಡೆ ಕಡುಬು ಮಾಡುತ್ತಾರೆ. ಎಲೆಯ ಎರಡೂ ಅಂಚಿಗೆ ಗರಗಸದ ಹಲ್ಲು, ನಡುನರದ ಬೆನ್ನಿಗೂ ಮುಳ್ಳು. ಒಳಗೆ ಕೈ ಹಾಕಿದರೆ ಹೋಗುವಾಗ ಒಂದು ಗೀರು, ಬರುವಾಗ ಎರಡು. ಕಾಲೂರಿ ನಿಂತ ಬೇರುಗಳ ಕೆಳಗೆ ನೀರು. ಮಂಗ ಬರುವುದಿಲ್ಲ, ಕಾಡುಬೆಕ್ಕು ಬರುವುದಿಲ್ಲ, ಮನುಷ್ಯರಂತೂ ಮೊದಲೇ ಇಲ್ಲ. ಹಕ್ಕಿ ಆರಿಸಿದ್ದು ನೀರನ್ನಲ್ಲ, ಈ ಮುಳ್ಳನ್ನು. ಕೆರೆಗೇನು, ನಮ್ಮ ಸೀಮೆಯಲ್ಲಿ ಬೇಕಾದಷ್ಟಿದೆ.

ಒಂದು ಜುಲೈ ತಿಂಗಳಲ್ಲಿ ಮಳೆ ಹೊಳವಾದ ಅರ್ಧ ಗಂಟೆ ನಾನು ದಂಡೆಯ ಮೇಲೆ ಒಂದೇ ಗೂಡು ನೋಡುತ್ತ ನಿಂತಿದ್ದೆ. ಗೂಡು ಎಂದರೆ ಒಂದು ಹಿಡಿ ಕಡ್ಡಿ, ಅಷ್ಟೇ, ನಮ್ಮ ಪಿಕಳಾರದ ಬಟ್ಟಲಿನ ಅಚ್ಚುಕಟ್ಟು ಅದಕ್ಕಿಲ್ಲ. ಮೂರು ಮರಿ. ಮೈಮೇಲೆ ನೆಟ್ಟಗೆ ನಿಂತ ಬಿಳಿ ರೋಮ, ನಿದ್ದೆಯಿಂದ ಎದ್ದ ಮಾಣಿಯ ತಲೆಯ ಹಾಗೆ. ತಾಯಿಯೋ ತಂದೆಯೋ ಬಂದು ಕೂತಿತು. ಕೊಕ್ಕು ಕಪ್ಪು, ಕಾಲು ಕಪ್ಪು, ಪಾದ ಮಾತ್ರ ಅರಿಶಿನದಲ್ಲಿ ಅದ್ದಿದ ಹಳದಿ. ಹಿಂದಲೆಯಿಂದ ಎರಡು ಉದ್ದ ಗರಿ ಇಳಿಬಿದ್ದಿತ್ತು. ದೊಡ್ಡ ಮರಿ ಎದ್ದು ಆ ಕೊಕ್ಕನ್ನು ಅಡ್ಡವಾಗಿ, ಅಡಕತ್ತರಿಯಲ್ಲಿ ಅಡಕೆ ಹಿಡಿದ ಹಾಗೆ ಕಚ್ಚಿ ಕೆಳಗೆ ಜಗ್ಗಿತು. ದೊಡ್ಡ ಹಕ್ಕಿಯ ಕುತ್ತಿಗೆ ಎರಡು ಸಲ ಉಬ್ಬಿ ಇಳಿಯಿತು. ಏನೋ ಬಿತ್ತು. ಮರಿಯ ಬಾಯಂಚಿನಲ್ಲಿ ಒಂದು ಕಪ್ಪೆಯ ಹಿಂಗಾಲು ಸ್ವಲ್ಪ ಹೊತ್ತು ಹೊರಗೇ ಇತ್ತು. ಚಿಕ್ಕ ಮರಿಗೆ ಆ ಸಲ ಏನೂ ಸಿಗಲಿಲ್ಲ. ವಾಸನೆ ಹೇಗಿತ್ತು ಎಂದರೆ, ಮನೆಗೆ ಹೋದ ಮೇಲೆ ತಂಗಿ ಅಂಗಿ ಹೊರಗೇ ತೆಗೆಸಿದಳು.

ಆ ಬೆಳ್ಳಕ್ಕಿಯ ಬೆನ್ನಿನ ನವಿರು ಗರಿಗಾಗಿ ಒಂದು ಕಾಲದಲ್ಲಿ ಯುರೋಪಿನಲ್ಲಿ ತೂಕಕ್ಕೆ ಬಂಗಾರಕ್ಕಿಂತ ಹೆಚ್ಚು ಬೆಲೆ ಕೊಡುತ್ತಿದ್ದರು. ಹೆಂಗಸರ ಟೋಪಿಗೆ ಸಿಕ್ಕಿಸಲು. ಗರಿ ಮೂಡುವುದು ಗೂಡು ಕಟ್ಟುವ ಕಾಲದಲ್ಲಿ. ಹಾಗಾಗಿ ಒಂದು ಹಕ್ಕಿ ಹೊಡೆದರೆ ಒಂದು ಗೂಡೇ ಹಾಳು. 1902ರಲ್ಲಿ ಇಂಡಿಯಾ ಸರ್ಕಾರ ಗರಿಯ ರಫ್ತು ನಿಲ್ಲಿಸಿತು. ಅದಕ್ಕೂ ನಾಲ್ಕು ವರ್ಷ ಮೊದಲು, 1898ರಲ್ಲಿ, ಜೇಮ್ಸ್ ಡೇವಿಡ್ಸನ್ ಎಂಬುವರು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಉತ್ತರ ಕನ್ನಡದ ಹಕ್ಕಿಗಳನ್ನು ಕುರಿತು ಬರೆದರು. ಅವರು ಈ ಜಿಲ್ಲೆಯಲ್ಲೇ ಕಲೆಕ್ಟರ್ ಆಗಿದ್ದವರು. ಜಿಲ್ಲೆಯ ಯಜಮಾನರು ಹಕ್ಕಿಪಟ್ಟಿ ಬರೆಯುತ್ತ ಕೂತ ಕಾಲವೂ ಒಂದಿತ್ತು ಎಂದು ಹೇಳಲು ಇಷ್ಟು ಹೇಳಿದೆ.

ನೀವು ಜನವರಿಯಲ್ಲಿ ಬಂದದ್ದು ತಪ್ಪು ಎಂದು ನಾನು ಹೇಳುತ್ತಿಲ್ಲ. ದೇಶದಲ್ಲಿ ನೀರುಹಕ್ಕಿ ಎಣಿಸುವ ವಾಡಿಕೆಯೇ ಜನವರಿಯದು. ಏಷ್ಯಾದ ನೀರುಹಕ್ಕಿ ಗಣತಿ 1987ರಿಂದ ಪ್ರತಿ ಜನವರಿಯಲ್ಲಿ ನಡೆಯುತ್ತಿದೆ. ಉತ್ತರದ ಚಳಿ ತಪ್ಪಿಸಿಕೊಂಡು ಬರುವ ಬಾತು, ಹೆಬ್ಬಾತುಗಳ ಮಟ್ಟಿಗೆ ಅದು ಸರಿಯಾದ ಕಾಲ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಆ ತಿಂಗಳು ಹೋದರೆ ಪಟ್ಟೆತಲೆಯ ಹೆಬ್ಬಾತು ಕಣ್ತುಂಬ ಸಿಗುತ್ತವೆ. ಆದರೆ ಆ ಪಂಚಾಂಗ ಹಿಡಿದು ನಮ್ಮ ಕೆರೆಗೆ ಅಂಕ ಕೊಟ್ಟರೆ ಅದು ಪ್ರತಿ ವರ್ಷ ನಪಾಸು. ಸಿದ್ದಾಪುರದಿಂದ ದೂರವಿಲ್ಲದ ಸೊರಬ ತಾಲೂಕಿನ ಗುಡವಿ ಪಕ್ಷಿಧಾಮದ್ದೂ ಮಳೆಗಾಲದ ಸಂಸಾರವೇ, ಅಲ್ಲಿ ಬಿಳಿ ಕೆಂಬರಲುಗಳ ಗದ್ದಲ.

ಮಳೆಗಾಲ ಎಂದ ಕೂಡಲೇ ನಿಮ್ಮ ತಂಡದ ಒಬ್ಬ ಹುಡುಗಿ "ಅಯ್ಯೋ ಉಂಬಳ!" ಎಂದು ಕಾಲು ಎತ್ತಿದ್ದು ನೆನಪಿದೆ. ಉಂಬಳದ ಬಗ್ಗೆ ಎರಡು ಮಾತು. ಅದು ಹೊಟ್ಟೆ ತುಂಬ ಕುಡಿದು ತಾನಾಗಿ ಉದುರುತ್ತದೆ. ಹೊಗೆಸೊಪ್ಪು, ಸುಣ್ಣ ಸವರಿಕೊಂಡರೆ ಹತ್ತಿರವೂ ಸುಳಿಯುವುದಿಲ್ಲ. ನಿಜವಾಗಿ ಹೆದರಬೇಕಾದದ್ದು ನೀವು ಚಡ್ಡಿ ಹಾಕಿಕೊಂಡು ಒಣ ಎಲೆಯ ದರಕಿನ ಮೇಲೆ ಕೂತು ತಿಂಡಿ ತಿಂದ ಆ ಜನವರಿಯ ಕಾಡಿಗೆ. ಅದು ಉಣುಗಿನ ಕಾಲ, ಉಣುಗು ಹರಡುವ ಮಂಗನ ಕಾಯಿಲೆಯ ಕಾಲ. ಸಿದ್ದಾಪುರ ತಾಲೂಕಿನ ನಮಗೆ ಅದು ಓದಿ ತಿಳಿದ ವಿಷಯವಲ್ಲ. ಚಳಿಗಾಲ ಬಂತೆಂದರೆ ಆರೋಗ್ಯ ಇಲಾಖೆಯವರು ಕೊಡುವ ಡೆಪಾ ಎಣ್ಣೆ ಕೈಕಾಲಿಗೆ ಹಚ್ಚಿಕೊಂಡೇ ಸೊಪ್ಪಿನ ಬೆಟ್ಟಕ್ಕೆ ಹೋಗುವುದು.

ಈ ಕಾಯಿಲೆಗೂ ಹಕ್ಕಿ ನೋಡುವ ನಿಮ್ಮ ಹವ್ಯಾಸಕ್ಕೂ ಒಂದು ಹಳೇ ನಂಟಿದೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಜನರಿಗೆ ಜ್ವರ ಬಂತು. ಸಿಕ್ಕಿದ ವೈರಾಣು ರಷ್ಯಾದ ಕಾಡುಗಳ ಒಂದು ಮಿದುಳುಜ್ವರದ ವೈರಾಣುವಿಗೆ ತೀರಾ ಹತ್ತಿರದ್ದು. ಅಲ್ಲಿಂದ ಇಲ್ಲಿಗೆ ಬಂದದ್ದು ಹೇಗೆ? ವಲಸೆ ಹಕ್ಕಿಯ ಮೈಮೇಲಿನ ಉಣುಗಿನ ಜೊತೆ ಬಂದಿರಬಹುದೇ ಎಂದು ಸಂಶಯ ಹುಟ್ಟಿತು. ವಿಶ್ವ ಆರೋಗ್ಯ ಸಂಸ್ಥೆ ದುಡ್ಡು ಕೊಟ್ಟಿತು. ಸಲೀಂ ಅಲಿಯವರ ಮುಂದಾಳುತನದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ 1959ರಿಂದ ಹಕ್ಕಿ ಹಿಡಿದು ಕಾಲಿಗೆ ಉಂಗುರ ತೊಡಿಸಿ ಬಿಡುವ ದೊಡ್ಡ ಕೆಲಸಕ್ಕೆ ಕೈಹಾಕಿತು. ಹಕ್ಕಿಗಳ ಮೇಲಿನ ಆ ಆಪಾದನೆ ಸಾಬೀತಾಗಲಿಲ್ಲ. ಆದರೆ ಯಾವ ಹಕ್ಕಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ನಾವು ಇವತ್ತು ತಿಳಿದವರಂತೆ ಮಾತಾಡುವುದಕ್ಕೆ ಆ ಉಂಗುರಗಳ ಋಣ ದೊಡ್ಡದಿದೆ. ನಮ್ಮ ಪಕ್ಕದೂರಿನ ಮಂಗ ಸತ್ತದ್ದಕ್ಕೆ ಭರತಪುರದಲ್ಲಿ ಬಾತಿನ ಕಾಲಿಗೆ ಉಂಗುರ ಬಿತ್ತು ಎಂದು ನಾನು ಮದುವೆಮನೆಗಳಲ್ಲಿ ಹೇಳುವುದುಂಟು. ಯಾರೂ ನಂಬುವುದಿಲ್ಲ.

ಈಗ ನನಗೆ ನಾಚಿಕೆಯ ವಿಷಯ. ಹಿಂತಿರುಗುವಾಗ ನಿಮ್ಮಲ್ಲಿ ಒಬ್ಬರು ಕೇಳಿದರು, "ಅಜ್ಜಾ, ಮೊದಲಿನಷ್ಟು ಹಕ್ಕಿ ಬರುತ್ತಾವಾ?" ನಾನು ಕವಳ ಉಗುಳುವ ನೆಪದಲ್ಲಿ ಆಚೆ ಹೋದೆ. ನಾನು ಲೆಕ್ಕ ಇಟ್ಟವನಲ್ಲ, ಆದ್ದರಿಂದ ಕಮ್ಮಿಯಾಗಿದೆ ಎಂದು ಆಣೆ ಹಾಕಲಾರೆ. ಆದರೆ ಗದ್ದೆಯ ಲೆಕ್ಕ ಕೊಡಬಲ್ಲೆ. ಅಪ್ಪಯ್ಯನ ಕಾಲದಲ್ಲಿ ನಮ್ಮ ಮನೆಗೆ ಎರಡು ಎಕರೆ ಗದ್ದೆ. ನೆಟ್ಟಿಯ ದಿನ ಮಳೆಯಲ್ಲಿ ಕಂಬಳಿಕೊಪ್ಪೆಗಳ ಸಾಲು, ಆ ಸಾಲಿನಿಂದ ನಾಲ್ಕು ಮಾರು ಹಿಂದೆ ಬೆಳ್ಳಕ್ಕಿಗಳ ಸಾಲು. ಆಮೇಲೆ ಆಳು ಸಿಗುವುದು ಕಷ್ಟವಾಯಿತು. ಮಂಗ, ಹಂದಿ, ಒಂದೊಂದು ವರ್ಷ ಕೊಯ್ಲಿಗೆ ಹುಲ್ಲೂ ಉಳಿಯಲಿಲ್ಲ. ಅಡಕೆಗೆ ಧಾರಣೆ ಏರಿದ ವರ್ಷ ನಾನೇ ಮುಂದೆ ನಿಂತು ಗದ್ದೆಗೆ ಮಣ್ಣು ಹೊಡೆಸಿ, ಬಸಿಗಾಲುವೆ ತೆಗೆಸಿ, ಅಡಕೆ ಸಸಿ ಇಟ್ಟೆ. ಈಗ ಅದು ಫಸಲು ಕೊಡುತ್ತಿದೆ. ಮಗನ ಓದು ಅದರಲ್ಲೇ ಆಗಿದ್ದು. ಮಾಡಿದ್ದು ತಪ್ಪು ಎಂದು ನಾನು ಒಪ್ಪುವುದಿಲ್ಲ, ಮತ್ತೆ ಅದೇ ಪರಿಸ್ಥಿತಿ ಬಂದರೆ ಮತ್ತೆ ಅದನ್ನೇ ಮಾಡುತ್ತೇನೆ. ಆದರೆ ಅಲ್ಲಿ ಬೆಳ್ಳಕ್ಕಿ ಇಳಿಯುವುದಿಲ್ಲ ಎನ್ನುವುದು ಮಾತ್ರ ನಿಜ.

ಅಡಕೆ ತೋಟ ಹಕ್ಕಿಗೆ ಶತ್ರು ಎಂದು ಇದಕ್ಕೆ ಅರ್ಥ ಹಚ್ಚಬೇಡಿ. ಉತ್ತರ ಕನ್ನಡದ ತೋಟಗಳನ್ನು ಕುರಿತ ಒಂದು ಅಧ್ಯಯನ 2008ರಲ್ಲಿ ಅಮೆರಿಕದ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಬಂದಿದೆ. ಅದನ್ನು ಬರೆದವರಲ್ಲಿ ನಮ್ಮ ಸೀಮೆಯ ಕಾಡು ಬಲ್ಲ ಎಂ. ಡಿ. ಸುಭಾಷ್ ಚಂದ್ರನ್ ಅವರೂ ಇದ್ದಾರೆ. ತೋಟವೂ ಅದಕ್ಕೆ ಸೊಪ್ಪು ಕೊಡುವ ಬೆಟ್ಟವೂ ಕೂಡಿಕೊಂಡ ನಮ್ಮ ಪದ್ಧತಿಯಲ್ಲಿ ಕಾಡಿನ ಹಕ್ಕಿಗಳು ಚೆನ್ನಾಗಿಯೇ ಉಳಿದುಕೊಂಡಿವೆ ಎಂಬುದು ಅದರ ತಾತ್ಪರ್ಯ. ಕುಟ್ರು ಹಕ್ಕಿ, ಕಾಜಾಣ, ಮಂಗಟ್ಟೆಗೆ ತೋಟ ಸರಿ. ಕಾಲು ಅದ್ದಿ ನಿಂತು ಕಪ್ಪೆ ಹಿಡಿಯುವ ಹಕ್ಕಿಗೆ ತೋಟದಲ್ಲಿ ಏನಿದೆ? ಮಳೆಗಾಲದಲ್ಲಿ ಕೊಳೆರೋಗಕ್ಕೆ ನಾವು ಹೊಡೆಸುವ ಮೈಲುತುತ್ತ, ಸುಣ್ಣದ ನೀರು ಬಸಿಗಾಲುವೆಗೆ ಇಳಿಯುತ್ತದೆ. ತಾಮ್ರ ಕಪ್ಪೆಮರಿಗೂ ಮೀನಿಗೂ ಆಗಿಬರುವುದಿಲ್ಲ. ಗೂಡಿನಲ್ಲಿ ಮರಿ ಬಾಯಿ ತೆರೆದಿರುವುದೂ ನಮ್ಮ ಕೊನೆಗೌಡ ಔಷಧಿ ಹೊಡೆಯಲು ಮರ ಹತ್ತುವುದೂ ಒಂದೇ ತಿಂಗಳಿನಲ್ಲಿ. ಹಕ್ಕಿ ಮಲಗುವುದು ಕೆರೆಯಲ್ಲಿ, ಉಣ್ಣುವುದು ನಮ್ಮಂಥವರ ಗದ್ದೆಯಲ್ಲಿ. ಮಲಗುವ ಮನೆಗೆ ಮಾತ್ರ ಬೋರ್ಡು ಹಾಕಿದ್ದೇವೆ.

ಆದ್ದರಿಂದ ಅವತ್ತು ನೀವು ಚಹಾ ಕುಡಿಯುತ್ತ ಮಾಡಿದ ಸೂಚನೆಗಳ ಬಗ್ಗೆ ನನ್ನ ತಕರಾರಿದೆ. ಕೆರೆಯ ಸುತ್ತ ಇಂಟರ್ಲಾಕ್ ಹಾಸಿ ವಾಕಿಂಗ್ ಪಾತ್ ಮಾಡಿಸಬೇಕು, ಮಕ್ಕಳಿಗೆ ಜೋಕಾಲಿ ಬೇಕು, ಸಾಧ್ಯವಾದರೆ ಪೆಡಲ್ ಬೋಟು, ಹೂಳು ತೆಗೆಸಿ ಆಳ ಮಾಡಬೇಕು, ಮನವಿಗೆ ಎಲ್ಲರೂ ಸಹಿ ಹಾಕೋಣ. ದಯವಿಟ್ಟು ಹಾಕಬೇಡಿ. ಹೂಳು ತೆಗೆಯುವುದನ್ನು ನಾನು ವಿರೋಧಿಸುವವನಲ್ಲ. ನಮ್ಮ ಕಡೆಯ ಎಷ್ಟೋ ಕೆರೆಗಳಿಗೆ ಅದು ಬೇಕೇ ಬೇಕು, ಬೇಸಿಗೆಯ ಬಾವಿ ಅದರಿಂದಲೇ ಬದುಕುವುದು. ಆದರೆ ಜೇಸಿಬಿ ಇಳಿದರೆ ಅದಕ್ಕೆ ಅಂಚು ಗೊತ್ತಿಲ್ಲ. ದಡ ನೆಟ್ಟಗೆ ಕತ್ತರಿಸಿ, ಕಲ್ಲು ಕಟ್ಟಿ, ಕೆರೆಯನ್ನು ದನಕ್ಕೆ ಅಕ್ಕಚ್ಚು ಹಾಕುವ ಬಾನಿಯ ಹಾಗೆ ಮಾಡಿಬಿಡುತ್ತದೆ. ನೀರು ನಿಲ್ಲುತ್ತದೆ, ಹೌದು. ಪಾದ ಮುಳುಗುವಷ್ಟು ನೀರು, ಮೊಳಕಾಲಿನಷ್ಟು ನೀರು, ಹೀಗೆ ಇಳಿಜಾರಾಗಿ ಇರುವ ಅಂಚಿನಲ್ಲೇ ದೇವನಕ್ಕಿ ನಡೆಯುವುದು, ಬಕ ತಪಸ್ಸು ಮಾಡುವುದು, ಹುಂಡುಕೋಳಿ ಮರಿ ಅಡಗಿಸುವುದು. ಆ ಅಂಚಿಗೆ ಕಲ್ಲು ಕಟ್ಟಿದರೆ ಉಳಿಯುವುದು ಗುಳುಮುಳುಕ ಒಂದೇ. ಮುಂಡಿಗೆ ಹೋಯಿತೆಂದರೆ ಬೆಳ್ಳಕ್ಕಿಗೆ ಇಳಿಯಲು ಕಾರಣವೇ ಇಲ್ಲ. ಇಷ್ಟು ವರ್ಷ ಆ ಕೆರೆ ಉಳಿದದ್ದು ಸೋಂದಾದ ಜನ ಅದನ್ನು ಚಂದ ಮಾಡಲು ಹೋಗದೆ ಕಾದುಕೊಂಡದ್ದರಿಂದ.

ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿಗೆ ಹೋದವರು ನಿಮ್ಮಲ್ಲಿ ಇದ್ದೀರಿ ಎಂದು ತಿಳಿಯಿತು. ಅಲ್ಲಿ ಹೆಜ್ಜಾರ್ಲೆ ಗೂಡು ಕಟ್ಟುವುದು ಊರೊಳಗಿನ ಹುಣಸೆ ಮರದಲ್ಲಿ, ಮನೆಯ ಹಿತ್ತಲಲ್ಲಿ. ಹಿಕ್ಕೆ ಗೊಬ್ಬರವಾಗುತ್ತದೆ, ಬಿದ್ದ ಮರಿಯನ್ನು ಊರಿನವರೇ ಸಾಕುತ್ತಾರೆ. 2007ರಲ್ಲಿ ಅದನ್ನು ಸಮುದಾಯ ಮೀಸಲು ಎಂದು ಘೋಷಿಸಿದಾಗ ಹೊಸದಾಗಿ ಏನನ್ನೂ ಕಟ್ಟಬೇಕಾಗಿ ಬರಲಿಲ್ಲ, ಇದ್ದದ್ದಕ್ಕೆ ಹೆಸರು ಕೊಟ್ಟರು, ಅಷ್ಟೆ. ಹಾಗೆಯೇ 2024ರ ಆರಂಭದಲ್ಲಿ ಅಘನಾಶಿನಿಯ ಅಳಿವೆಗೆ ಜೌಗು ನೆಲಗಳ ರಾಮ್ಸಾರ್ ಪಟ್ಟ ಸಿಕ್ಕಿತು, ಮಾಗಡಿ ಕೆರೆಗೂ ಅಂಕಸಮುದ್ರದ ಕೆರೆಗೂ ಅದೇ ಹೊತ್ತಿಗೆ. ಅಘನಾಶಿನಿ ನಮ್ಮ ಹೊಳೆ. ಶಿರಸಿಯ ಶಂಕರಹೊಂಡದ ನೀರು ನಮ್ಮ ದೊಡ್ಮನೆ ಘಟ್ಟದ ಬದಿಯ ಕಣಿವೆ ಹಾದು ಕುಮಟಾದ ಹತ್ತಿರ ಕಡಲು ಸೇರುತ್ತದೆ. ಕೆಳಗೆ ಬಳಚು ಚಿಪ್ಪು ಹೆಕ್ಕುವವರ ನೀರಿಗೆ ಜಗತ್ತಿನ ಪಟ್ಟಿಯಲ್ಲಿ ಜಾಗ ಸಿಕ್ಕಿದ್ದು ನಮಗೂ ಸಂತೋಷವೇ. ನನ್ನ ತೋಟದ ಬಸಿಗಾಲುವೆಯೂ ಕೊನೆಗೆ ಹೋಗಿ ಸೇರುವುದು ಅಲ್ಲಿಗೇ ಎಂದು ನೆನಪಾದಾಗ ಆ ಸಂತೋಷಕ್ಕೆ ಸ್ವಲ್ಪ ಕಿರಿಕಿರಿ.

ಜುಲೈ ಎರಡನೇ ಭಾನುವಾರ ಮತ್ತೆ ಬನ್ನಿ. ಈ ಸಲ ಮೂವತ್ತು ಜನ ಬೇಡ, ಹತ್ತು ಸಾಕು. ಛತ್ರಿ ಕಪ್ಪಗಿರಲಿ. ನಿಮ್ಮ ಆ ಕೆಂಪು ರೇನ್‌ಕೋಟುಗಳನ್ನು ಗಾಡಿಯಲ್ಲೇ ಬಿಡಿ. ಡ್ರೋನ್ ತರುವುದಾದರೆ ಬರುವುದೇ ಬೇಡ. ತಾಯಿಹಕ್ಕಿ ಒಮ್ಮೆ ಎದ್ದು ಹೋದರೆ ಮಳೆಗೆ ಮರಿ ತಣ್ಣಗಾಗುತ್ತದೆ, ಕಾಗೆ ಅಷ್ಟಕ್ಕೇ ಕಾದಿರುತ್ತದೆ. ಬೆಳಿಗ್ಗೆ ದಂಡೆಯ ಮೇಲೆ ಒಂದು ಗಂಟೆ, ದೂರದಿಂದ. ಆಮೇಲೆ ಕೆರೆ ಬಿಟ್ಟು ಗದ್ದೆ ಕಡೆ ಹೋಗುವುದು. ಭಾವನ ಪಕ್ಕದ ಮನೆಯವರು ಇನ್ನೂ ಒಂದು ಎಕರೆ ಭತ್ತ ಬೆಳೆಯುತ್ತಾರೆ. ಅವರಿಗೆ ಅದರಲ್ಲಿ ಲಾಭವಿಲ್ಲ, ಹಠ ಇದೆ. ಅವತ್ತು ಅವರಲ್ಲಿ ನೆಟ್ಟಿ ಇರಬಹುದು, ಮಳೆ ಹೇಗೋ ಹಾಗೆ. ಕೆಸರಿಗಿಳಿದು ನಾಲ್ಕು ಸಾಲು ಸಸಿ ನೆಟ್ಟು, ಬೆನ್ನ ಹಿಂದೆ ಏನು ಇಳಿಯುತ್ತದೆ ನೋಡಿ. ಹೋಗುವಾಗ ಅವರ ಅಕ್ಕಿ ಸಿಕ್ಕಿದರೆ ದುಡ್ಡು ಕೊಟ್ಟು ಒಯ್ಯಿರಿ, ಚೌಕಾಸಿ ಮಾಡಬೇಡಿ. ಮಧ್ಯಾಹ್ನ ತಂಗಿಯ ಮನೆಯಲ್ಲಿ ಊಟ, ತಂಬುಳಿ, ಅಪ್ಪೆಹುಳಿ ಇರುತ್ತದೆ. ಬರುವ ಲೆಕ್ಕ ಎರಡು ದಿನ ಮೊದಲು ಹೇಳಿದರೆ ಅವಳಿಗೆ ಅನುಕೂಲ.

ಆ ಪುಸ್ತಕದ ಮಗುವನ್ನು ಮರೆಯದೆ ಕರೆತನ್ನಿ. ಗಂಡೋ ಹೆಣ್ಣೋ ಗೊತ್ತಾಗಲಿಲ್ಲ, ರಟ್ಟಿನ ಮೇಲೆ ಹೆಸರು ಅಳಿಸಿಹೋಗಿದೆ. ಮೂವತ್ತೇಳರಲ್ಲಿ ಎಷ್ಟು ಗೂಡು ರಿಪೇರಿ ಆಗಿದೆ, ಎಷ್ಟು ಹೊಸದು, ಎಣಿಸುವ ಕೆಲಸ ಅದರದ್ದೇ. ನನ್ನ ಕಣ್ಣಿಗೆ ಪೊರೆ ಬಂದಿದೆ.

ಇಂತಿ,
ದೊಡ್ಮನೆ ಕಡೆಯ ಒಬ್ಬ ತೋಟಿಗ

ವಿ.ಸೂ.: ಪುಸ್ತಕ ತೀರಾ ತೇವವಾಗಿತ್ತು. ಬಿಸಿಲಿಗೆ ಇಟ್ಟರೆ ಹಾಳೆ ಸೆಟೆದುಕೊಳ್ಳುತ್ತದೆ ಎಂದು ಒಲೆಯ ಮೇಲಿನ ಅಟ್ಟದಲ್ಲಿ, ಬಿತ್ತಕ್ಕೆ ಇಟ್ಟ ಹೀರೆಕಾಯಿಗಳ ಪಕ್ಕ ಒಣಗಿಸಿದ್ದೇನೆ. ಅಕ್ಷರವೆಲ್ಲ ಸರಿಯಾಗಿದೆ. ಹೊಗೆಯ ವಾಸನೆ ಮಾತ್ರ ಹಿಡಿದುಬಿಟ್ಟಿದೆ, ಮನೆಯವರು ಬೇಜಾರು ಮಾಡಿಕೊಳ್ಳಬಾರದು.